ಶಿವರಾತ್ರಿಯಿಂದ ಯುಗಾದಿಯವರೆಗೆ: ಮನೆಯ ಸುತ್ತಲಿನ ಪ್ರಕೃತಿಯನ್ನು ಗಮನಿಸುವುದು ಹೇಗೆ?

ಪಂಚಾಂಗದ ಲೆಕ್ಕದಲ್ಲಿ ವಸಂತ ಋತು ಚೈತ್ರ ಮಾಸದಿಂದ ಆರಂಭವಾಗುತ್ತದೆ. ಆದರೆ ಬೆಂಗಳೂರು, ತುಮಕೂರು, ಮಂಡ್ಯ, ಮೈಸೂರುಗಳ ಬಯಲುನಾಡಿನಲ್ಲಿ ಮರಗಳು ಅಷ್ಟು ದಿನ ಕಾಯುವುದಿಲ್ಲ. ಚಳಿಯು ‘ಶಿವಶಿವ’ ಎನ್ನುತ್ತಾ ಹೊರಡುವ ಶಿವರಾತ್ರಿಯ ಆಸುಪಾಸಿನಲ್ಲಿಯೇ ಎಲೆ ಉದುರುವುದು, ಚಿಗುರುವುದು, ಹೂ ಬಿಡುವುದು ಒಂದರ ಬೆನ್ನಿಗೊಂದು ನಡೆಯತೊಡಗುತ್ತವೆ. ಎಷ್ಟೋ ಸಲ ಒಂದೇ ಬೀದಿಯಲ್ಲಿ, ಒಂದೇ ವಾರದಲ್ಲಿ ಮೂರೂ ಕಾಣಸಿಗುತ್ತವೆ. ಯುಗಾದಿಯ ಹೊತ್ತಿಗೆ ನಾವು ತಲೆಯೆತ್ತಿ ನೋಡುವಾಗ ಈ ಬದಲಾವಣೆಯ ಬಹುಪಾಲು ಮುಗಿದಿರುತ್ತದೆ. ಆದುದರಿಂದ ಗಮನಿಸುವ ಕೆಲಸವನ್ನು ಫೆಬ್ರುವರಿಯ ನಡುವಿನಲ್ಲಿ ಆರಂಭಿಸುವುದು ಒಳ್ಳೆಯದು. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ, ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಕಿಟಕಿ, ಜಗಲಿ ಅಥವಾ ತಾರಸಿ, ಅಲ್ಲಿಂದ ಕಾಣುವ ಒಂದು ಮರ, ಒಂದು ನೋಟ್‌ಬುಕ್ಕು ಇದ್ದರೆ ಸಾಕು.

ಮೊದಲು ಜಾಗ ಮತ್ತು ಹೊತ್ತು

ಮನೆಯ ಸುತ್ತ ನಾಲ್ಕು ಕಡೆ ಅಡ್ಡಾಡುವುದಕ್ಕಿಂತ ಒಂದೇ ಕಡೆ ಕುಳಿತುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಮನುಷ್ಯರು ಬಂದೊಡನೆ ಹಕ್ಕಿಗಳೂ ಓತಿಕ್ಯಾತಗಳೂ ಅಳಿಲುಗಳೂ ತಮ್ಮ ಕೆಲಸ ನಿಲ್ಲಿಸುತ್ತವೆ ಅಥವಾ ಮರೆಯಾಗುತ್ತವೆ. ನಾವು ಅಲುಗಾಡದೆ ಹತ್ತು ನಿಮಿಷ ಕುಳಿತರೆ ಅಪಾಯವಿಲ್ಲವೆಂದು ತಿಳಿದು ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತವೆ. ಆ ಹತ್ತು ನಿಮಿಷಗಳಲ್ಲಿ ಏನೂ ಕಾಣಲಿಲ್ಲವೆಂದು ಎದ್ದುಹೋಗುವವರೇ ಹೆಚ್ಚು. ಆದುದರಿಂದ ಕನಿಷ್ಠ ಅರ್ಧ ಗಂಟೆಯನ್ನು ಇದಕ್ಕೆಂದು ತೆಗೆದಿಡಿ. ಸೂರ್ಯೋದಯದ ನಂತರದ ಮೊದಲ ಒಂದು ಗಂಟೆ ಎಲ್ಲಕ್ಕಿಂತ ಉತ್ತಮ. ಫೆಬ್ರುವರಿ, ಮಾರ್ಚ್‌ಗಳಲ್ಲಿ ಅದು ಸುಮಾರು ಆರೂವರೆಯಿಂದ ಏಳೂವರೆಯವರೆಗಿನ ಅವಧಿ. ಸಂಜೆ ಐದರ ನಂತರವೂ ಆಗಬಹುದು. ನಡು ಮಧ್ಯಾಹ್ನ ಹಕ್ಕಿಗಳಿಗೆ ವಿರಾಮದ ಹೊತ್ತು, ಆದರೆ ಚಿಟ್ಟೆ ಮತ್ತು ಜೇನುನೊಣಗಳಿಗೆ ಬಿಸಿಲೇರಿದ ಮೇಲಿನ ಸಮಯವೇ ಸರಿ.

ಢಾಳಾದ ಬಣ್ಣದ ಬಟ್ಟೆ, ಕೈಸನ್ನೆ, ಎದ್ದು ಕೂರುವ ಚಟುವಟಿಕೆ ಬೇಡ. ಮೊಬೈಲ್ ಫೋನು ಜೇಬಿನಲ್ಲಿರಲಿ. ಹಕ್ಕಿಯ ಧ್ವನಿ ಗುರುತಿಸುವ ಆ್ಯಪ್‌ಗಳು ಈಗ ಇವೆ, ಅವು ಉಪಯುಕ್ತವೂ ಹೌದು. ಆದರೆ ಅವುಗಳನ್ನು ಕುಳಿತ ತಕ್ಷಣ ತೆರೆಯುವುದರಿಂದ ಹೆಸರು ಸಿಗುತ್ತದೆಯೇ ಹೊರತು ಕೇಳುವ ಅಭ್ಯಾಸ ಬರುವುದಿಲ್ಲ. ಹೆಸರು ಆಮೇಲೆ ಹುಡುಕಿಕೊಳ್ಳಬಹುದು.

ಒಂದು ಮರವನ್ನು ಆರಿಸಿಕೊಳ್ಳಿ

ಎರಡನೆಯ ಹೆಜ್ಜೆ ಒಂದು ಮರವನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಅದೇ ದಿನ ಅದನ್ನೇ ನೋಡುವುದು. ಬೀದಿಯಲ್ಲಿ ಹೊಂಗೆಯಿದ್ದರೆ ಬೇರೆ ಯೋಚನೆಯೇ ಬೇಡ, ಏಕೆಂದರೆ ಈ ಋತುವಿನ ನಡೆಯನ್ನು ಅದರಷ್ಟು ಸ್ಪಷ್ಟವಾಗಿ ತೋರುವ ಮರ ನಮ್ಮ ಊರುಗಳಲ್ಲಿ ಕಡಿಮೆ. ವರ್ಷವಿಡೀ ದಟ್ಟ ಹಸಿರಾಗಿರುವ ಹೊಂಗೆಯ ಎಲೆಗಳು ಚಳಿಗಾಲದ ಕೊನೆಯಲ್ಲಿ ಹಳದಿಗೆ ತಿರುಗಿ ಉದುರುತ್ತವೆ; ಕೊಂಬೆಗಳು ಬರಿದಾಗಿ ಕಾಣುವುದು ಕೆಲವೇ ದಿನ, ಅಷ್ಟರಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ತಿಳಿಹಸಿರಿನ ಚಿಗುರು ಮರವನ್ನೆಲ್ಲ ಮುಚ್ಚಿಬಿಡುತ್ತದೆ. ಯುಗಾದಿಯ ನಂತರ ಬಿಳಿ ಮತ್ತು ನಸುನೇರಳೆ ಬಣ್ಣದ ಚಿಕ್ಕ ಹೂಗಳು ನೆಲಕ್ಕೆ ಬೀಳತೊಡಗುತ್ತವೆ, ಮರದಡಿ ನಿಂತರೆ ಜೇನುನೊಣಗಳ ಗುಂಯ್‌ಗಾಟ ಕೇಳಿಸುತ್ತದೆ. ಎಳೆಯ ಎಲೆಗಳ ಅಂಚು ತಿಂದುಹೋಗಿದ್ದರೆ ಮಡಿಸಿದ ಎಲೆಗಳ ಒಳಗೆ ಕಂಬಳಿಹುಳುವಿದೆಯೇ ಎಂದು ನೋಡಿ. ಸಂಜೆಯ ಮಬ್ಬಿನಲ್ಲಿ ಚುರುಕಾಗಿ ಹಾರುವ ಕಂದುಬಣ್ಣದ ಒಂದು ಜಾತಿಯ ಚಿಟ್ಟೆ ಹೊಂಗೆಯ ಎಳೆಯ ಎಲೆಗಳ ಮೇಲೆಯೇ ಮೊಟ್ಟೆಯಿಡುತ್ತದೆ. ಎಲೆಯ ಮೇಲಿನ ಪುಟ್ಟ ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಆದವು.

ಹೊಂಗೆಯಿಲ್ಲದಿದ್ದರೆ ಬೇವು, ಅರಳಿ, ಮಾವು ಯಾವುದಾದರೂ ಸರಿ. ಬೇವು ಮತ್ತು ಅರಳಿಯ ಚಿಗುರು ಮೊದಲು ಹಸಿರಾಗಿರುವುದಿಲ್ಲ, ತಾಮ್ರದ ಬಣ್ಣದಲ್ಲಿ ಬಂದು ಕೆಲವು ದಿನಗಳಲ್ಲಿ ಹಸಿರಿಗೆ ತಿರುಗುತ್ತದೆ; ಈ ಬದಲಾವಣೆಗೆ ನಿಮ್ಮ ಮರ ಎಷ್ಟು ದಿನ ತೆಗೆದುಕೊಳ್ಳುತ್ತದೆಂದು ಲೆಕ್ಕ ಹಾಕಿ. ಮಾವಿನ ಹೂಗೊಂಚಲಿನ ಬಳಿ ಕಾಲು ಗಂಟೆ ನಿಂತು, ಬರುವ ಕೀಟಗಳು ಯಾವುವೆಂದು ಗಮನಿಸುವುದು ಒಳ್ಳೆಯ ಅಭ್ಯಾಸ. ಜೇನುನೊಣಗಳಿಗಿಂತ ಸಾಮಾನ್ಯ ನೊಣಗಳೇ ಹೆಚ್ಚಾಗಿ ಕಾಣಬಹುದು, ಮಾವಿನ ಪರಾಗಸ್ಪರ್ಶದಲ್ಲಿ ಅವುಗಳದ್ದೇ ದೊಡ್ಡ ಪಾಲು. ಒಂದೇ ಗೊಂಚಲಿನಲ್ಲಿ ಗಂಡು ಹೂಗಳೂ, ಗಂಡು ಹೆಣ್ಣು ಎರಡೂ ಭಾಗಗಳಿರುವ ದ್ವಿಲಿಂಗಿ ಹೂಗಳೂ ಇರುವುದರಿಂದ ಸಾವಿರಾರು ಹೂಗಳಲ್ಲಿ ಕಾಯಾಗುವುದು ಬೆರಳೆಣಿಕೆಯಷ್ಟು ಮಾತ್ರ. ಗೊಂಚಲಿಗೆ ಒಂದು ದಾರ ಕಟ್ಟಿಟ್ಟು ಪ್ರತಿ ವಾರ ಉಳಿದ ಮಿಡಿಗಳನ್ನು ಎಣಿಸಿದರೆ ಉದುರುವಿಕೆಯ ವೇಗ ತಾನೇ ತಿಳಿಯುತ್ತದೆ.

ಊರಂಚಿನಲ್ಲಿ ಮನೆಯಿದ್ದವರಿಗೆ ಬೂರುಗ ಅಥವಾ ಮುತ್ತುಗದ ಮರ ಕಣ್ಣಳತೆಯಲ್ಲಿ ಇರಬಹುದು. ಎಲೆ ಕಳಚಿ ಹೂವನ್ನಷ್ಟೇ ಹೊತ್ತು ನಿಂತ ಇಂತಹ ಮರದೆದುರು ಒಂದು ಬೆಳಗ್ಗೆ ಕಳೆದರೆ ಮೈನಾ, ಪಿಕಳಾರ, ಸೂರಕ್ಕಿ, ಕಾಗೆ, ಅಳಿಲು ಇವೆಲ್ಲ ಮಕರಂದಕ್ಕಾಗಿ ಬಂದುಹೋಗುವುದನ್ನು ಮರೆಯಿಲ್ಲದೆ ನೋಡಬಹುದು. ಬೆಂಗಳೂರಿನ ಓದುಗರು ಮಾತ್ರ ಒಂದು ವಿಷಯವನ್ನು ನೆನಪಿನಲ್ಲಿಡಬೇಕು. ನಗರದ ರಸ್ತೆಗಳಲ್ಲಿ ಗುಲಾಬಿಯಾಗಿಯೂ ಹಳದಿಯಾಗಿಯೂ ಅರಳುವ ತಬೆಬುಯಾ ಅಮೆರಿಕ ಖಂಡದ ಮರ. ಒಂದು ಹೂವಿನ ಕಾಲ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸುವ ಪದ್ಧತಿಯ ಶ್ರೇಯಸ್ಸು, ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ. ಹೀಗಾಗಿ ನಗರದಲ್ಲಿ ನಾವು ನೋಡುವ ವಸಂತದಲ್ಲಿ ನಿಸರ್ಗದ ಪಾಲೆಷ್ಟು, ತೋಟಗಾರರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಬರೆದುಕೊಳ್ಳುವುದು ಉಚಿತ.

ಕಣ್ಣು ಮುಚ್ಚಿ ಕೇಳಿ

ಮೊದಲ ಐದು ನಿಮಿಷ ಬರಿಯ ಕಿವಿಗೆ ಮೀಸಲಿಡಿ. ಎಷ್ಟು ಬಗೆಯ ಧ್ವನಿಗಳಿವೆ, ಯಾವ ದಿಕ್ಕಿನಿಂದ ಬರುತ್ತಿವೆ ಎಂದಷ್ಟೇ ಗುರುತು ಹಾಕಿಕೊಳ್ಳಿ. ಸುತ್ತಿಗೆಯಿಂದ ಪಾತ್ರೆ ಬಡಿದಂತೆ ಒಂದೇ ಲಯದಲ್ಲಿ ‘ಟುಕ್ ಟುಕ್’ ಎನ್ನುತ್ತಲೇ ಇರುವುದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ಕೊಂಚ ದೊಡ್ಡದಾದ ಈ ಹಸಿರು ಹಕ್ಕಿ ಒಣ ಕೊಂಬೆಯ ತುದಿಯಲ್ಲಿ ಕುಳಿತು ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ಕೂಗುವುದರಿಂದ ಧ್ವನಿ ಬೇರೆ ಬೇರೆ ಕಡೆಯಿಂದ ಬಂದಂತೆ ಭಾಸವಾಗುತ್ತದೆ. ‘ಕುಟ್ರೂ ಕುಟ್ರೂ’ ಎಂದು ಏರುದನಿಯಲ್ಲಿ ಕೂಗುವುದು ಅದರ ದೊಡ್ಡ ನೆಂಟ ಕುಟ್ರುಹಕ್ಕಿ. ಬೆಳಗಿನ ಜಾವ ಟಿವಿ ಕಂಬಿಯ ಅಥವಾ ನೀರಿನ ಟ್ಯಾಂಕಿನ ಮೇಲೆ ಕಪ್ಪು ಬಿಳುಪಿನ ಹಕ್ಕಿಯೊಂದು ಬಾಲವೆತ್ತಿ ಇಂಪಾಗಿ ಸಿಳ್ಳೆ ಹಾಕುತ್ತಿದ್ದರೆ ಅದು ಮಡಿವಾಳ.

ಕೋಗಿಲೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ವಸಂತದಲ್ಲಿ ಅದು ಎಲ್ಲಿಂದಲೋ ಬರುತ್ತದೆಂದು ಹಲವರು ಭಾವಿಸುತ್ತಾರೆ. ನಮ್ಮಲ್ಲಿ ಅದು ವರ್ಷವಿಡೀ ಇರುವ ಹಕ್ಕಿ. ಚಳಿಗಾಲದಲ್ಲಿ ಹೆಚ್ಚಾಗಿ ಮೌನವಾಗಿರುತ್ತದೆ ಅಷ್ಟೆ. ‘ಕುಹೂ’ ಎಂದು ಹಾಡುವುದು ಹೊಳೆಯುವ ಕಪ್ಪು ಮೈಯ, ಕೆಂಪು ಕಣ್ಣಿನ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣಿಗೆ ಆ ಹಾಡಿಲ್ಲ, ಅದರದ್ದು ‘ಕಿಕ್ ಕಿಕ್ ಕಿಕ್’ ಎಂಬ ಅವಸರದ ಕೂಗು. ಗಸಗಸೆ ಹಣ್ಣಿನ ಮರ ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೆ ನೋಡುವ ಸಾಧ್ಯತೆಯಿದೆ. ಈ ವರ್ಷ ಮೊದಲ ‘ಕುಹೂ’ ಕೇಳಿದ ದಿನಾಂಕ, ಕಾಗೆಯು ಗೂಡಿಗಾಗಿ ಕಡ್ಡಿಯನ್ನು ಕಚ್ಚಿಕೊಂಡು ಹೋಗುವುದನ್ನು ಮೊದಲು ಕಂಡ ದಿನಾಂಕ, ಇವೆರಡನ್ನೂ ಅಕ್ಕಪಕ್ಕ ಬರೆಯಿರಿ. ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಾದುದರಿಂದ ಈ ಎರಡು ದಿನಾಂಕಗಳಿಗೆ ಸಂಬಂಧವಿದೆ.

ಬರುವ ಧ್ವನಿಗಳಷ್ಟೇ ಅಲ್ಲ, ನಿಲ್ಲುವ ಧ್ವನಿಗಳೂ ಮುಖ್ಯ. ನಮ್ಮಲ್ಲಿ ಚಳಿಗಾಲ ಕಳೆಯಲು ಬಂದ ಹಕ್ಕಿಗಳು ಮಾರ್ಚ್, ಏಪ್ರಿಲ್‌ಗಳಲ್ಲಿ ಉತ್ತರಕ್ಕೆ ಮರಳುತ್ತವೆ. ಎಲೆಗಳ ನಡುವೆ ಕಣ್ಣಿಗೆ ಬೀಳದೆ ‘ಚಿಸ್ವೀ’ ಎನ್ನುವ ಹಸಿರು ಉಲಿಯಕ್ಕಿ ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಗೆ ಹೊರಡುತ್ತದೆ. ತಾರಸಿಯ ನೀರಿನ ಬಳಿ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯೂ ಕಾಣೆಯಾಗುತ್ತದೆ. ಬಂದ ದಿನ ತಿಳಿಯುವುದು ಸುಲಭ, ಹೋದ ದಿನ ತಿಳಿಯಬೇಕಾದರೆ ಪ್ರತಿದಿನವೂ ‘ಇಂದು ಇತ್ತು’ ಎಂದು ಬರೆದುಕೊಂಡಿರಬೇಕಾಗುತ್ತದೆ.

ಗೂಡು ಕಂಡರೆ ಹಿಂದೆ ಸರಿಯಿರಿ

ಈ ಕಾಲದಲ್ಲಿ ಹಕ್ಕಿಯ ಕೊಕ್ಕಿನಲ್ಲಿ ಹತ್ತಿ, ನಾರು, ಜೇಡರಬಲೆಯ ಎಳೆ ಕಂಡರೆ ಅದು ಗೂಡಿನ ಕೆಲಸ. ಸೂರಕ್ಕಿಯು ಜಗಲಿಯ ತಂತಿಗೋ ಬಳ್ಳಿಯ ತುದಿಗೋ ಚೀಲದಂತಹ ಗೂಡನ್ನು ಜೇಡರಬಲೆಯಿಂದ ಬಿಗಿದು, ಹೊರಗೆ ತೊಗಟೆಯ ಚೂರು ಮತ್ತು ಕಸಕಡ್ಡಿಗಳನ್ನು ಅಂಟಿಸುತ್ತದೆ. ಮೊದಲ ನೋಟಕ್ಕೆ ಅದು ಗುಡಿಸಿ ಎಸೆಯಬೇಕಾದ ಕಸವೆಂದೇ ತೋರುತ್ತದೆ. ಆದುದರಿಂದ ಹಬ್ಬಕ್ಕೆ ಬಲೆ ಹೊಡೆಯುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡಿ. ಸಿಂಪಿಗ ಹಕ್ಕಿ ಅಗಲವಾದ ಎಲೆಗಳ ಅಂಚುಗಳನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಮಾಡುತ್ತದೆ, ಕುಂಡದ ಗಿಡವನ್ನೂ ಬಿಡುವುದಿಲ್ಲ.

ಗೂಡು ಪತ್ತೆಯಾದ ಮೇಲೆ ದೂರದಿಂದ ನೋಡುವುದೊಂದೇ ಸರಿಯಾದ ಮಾರ್ಗ. ಪದೇ ಪದೇ ಹತ್ತಿರ ಹೋದರೆ ತಾಯಿಹಕ್ಕಿ ಗೂಡು ತೊರೆಯಬಹುದು, ನಮ್ಮನ್ನು ಗಮನಿಸುತ್ತಿರುವ ಕಾಗೆ ಮತ್ತು ಬೆಕ್ಕುಗಳಿಗೆ ಗೂಡಿನ ಜಾಗವೂ ತಿಳಿದುಬಿಡುತ್ತದೆ. ಕೊಂಬೆ ಸರಿಸಿ ಫೋಟೊ ತೆಗೆಯುವುದು, ಹಕ್ಕಿಯನ್ನು ಕರೆಯಲೆಂದು ಮೊಬೈಲಿನಲ್ಲಿ ಅದರ ಕೂಗನ್ನು ಹಾಕುವುದು ಸಲ್ಲದು. ಕೊಂಬೆ ಕತ್ತರಿಸುವ ಕೆಲಸವಿದ್ದರೆ ಮರಿಗಳು ಹಾರಿದ ನಂತರಕ್ಕೆ ಮುಂದೂಡಿ.

ಕುಂಡ, ಗೋಡೆ ಮತ್ತು ಬಿಸಿಲು

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಂದು ನಿಂಬೆ ಅಥವಾ ಕರಿಬೇವಿನ ಗಿಡವಿದ್ದರೂ ನೋಡುವುದಕ್ಕೆ ಬೇಕಾದಷ್ಟಿದೆ. ಎಳೆಯ ಎಲೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಗಾತ್ರದ ತಿಳಿಹಳದಿ ಮೊಟ್ಟೆ ಕಂಡರೆ ಅದು ಬಹುಶಃ ನಿಂಬೆ ಚಿಟ್ಟೆಯದು. ಅದರ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯನ್ನು ಹೋಲುತ್ತದೆ, ಕೊನೆಯ ಹಂತದಲ್ಲಿ ಎಲೆಹಸಿರಾಗುತ್ತದೆ, ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂತಹ ಅಂಗವನ್ನು ಹೊರಚಾಚಿ ಗಾಢವಾದ ವಾಸನೆ ಬಿಡುತ್ತದೆ. ಒಗ್ಗರಣೆಗೆ ಎಲೆ ಕಡಿಮೆಯಾದೀತೆಂಬ ಚಿಂತೆ ಬಿಟ್ಟರೆ, ಮೊಟ್ಟೆಯಿಂದ ಚಿಟ್ಟೆಯವರೆಗಿನ ಬದಲಾವಣೆಯನ್ನು ಸುಮಾರು ಒಂದು ತಿಂಗಳಲ್ಲಿ ಪೂರ್ತಿಯಾಗಿ ನೋಡಬಹುದು. ಕಿಟಕಿಯ ಚೌಕಟ್ಟಿನಲ್ಲಿ ಮಣ್ಣಿನ ಪುಟ್ಟ ಮಡಕೆಗಳು ಮೂಡಿದ್ದರೆ ಅವು ಒಂಟಿ ಕಣಜದವು; ಮರಿಗಳ ಆಹಾರಕ್ಕೆಂದು ಹಸಿರು ಹುಳುಗಳನ್ನು ತಂದು ಒಳಗೆ ತುಂಬಿ ಬಾಯಿ ಮುಚ್ಚುತ್ತದೆ.

ಸೂರ್ಯನನ್ನೂ ಗಮನಿಸಿ. ಕುಳಿತ ಜಾಗದಿಂದ ಎದುರುಮನೆಯ ಟ್ಯಾಂಕು, ತೆಂಗಿನ ಮರ ಇವುಗಳನ್ನು ಗುರುತಾಗಿಟ್ಟುಕೊಂಡು ವಾರಕ್ಕೊಮ್ಮೆ ಸೂರ್ಯ ಮೂಡುವ ಜಾಗವನ್ನು ರೇಖಾಚಿತ್ರದಲ್ಲಿ ತುಂಬಿ. ಅದು ಕ್ರಮೇಣ ಉತ್ತರಕ್ಕೆ ಸರಿಯುತ್ತಾ ಮಾರ್ಚ್ 20ರ ಸುಮಾರಿಗೆ ನೇರ ಪೂರ್ವಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುವುದರಿಂದ ನೆಟ್ಟಗೆ ನಿಂತ ಕಂಬದ ನೆರಳು ಕ್ಷಣಕಾಲ ಇಲ್ಲವಾಗುತ್ತದೆ.

ನೀರಿಡುವ ಕ್ರಮ

ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲಕ್ಕಿಂತ ಆಳವಾಗದಂತೆ ನೀರು ತುಂಬಿ, ನಡುವೆ ಒಂದು ಕಲ್ಲಿಡಿ. ಜೇನುನೊಣಗಳು ಅದರ ಮೇಲೆ ಕುಳಿತು ಕುಡಿಯುತ್ತವೆ. ತಟ್ಟೆ ನೆರಳಿನಲ್ಲಿರಲಿ, ಬೆಕ್ಕು ಹೊಂಚು ಹಾಕುವಂತಹ ಪೊದೆಯಿಂದ ದೂರವಿರಲಿ. ಸೊಳ್ಳೆ ಹುಟ್ಟದಂತೆ ದಿನವೂ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು ಮತ್ತೆ ತುಂಬಿ.

ಬರೆದಿಡುವುದು

ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಮೋಡ ಅಥವಾ ಬಿಸಿಲು, ಕಂಡದ್ದು, ಕೇಳಿದ್ದು ಇಷ್ಟು ಬರೆದರೆ ಸಾಕು. ಹೆಸರು ತಿಳಿಯದಿದ್ದರೆ ಗಾತ್ರವನ್ನು ಗುಬ್ಬಿ, ಮೈನಾ, ಕಾಗೆ ಇವುಗಳಿಗೆ ಹೋಲಿಸಿ ಬರೆದು, ಕೊಕ್ಕು ಮತ್ತು ಬಾಲದ ಆಕಾರವನ್ನು ಒರಟಾಗಿಯಾದರೂ ಚಿತ್ರಿಸಿ. ಎಡಪುಟದಲ್ಲಿ ಮಾತ್ರ ಬರೆದು ಬಲಪುಟವನ್ನು ಮುಂದಿನ ವರ್ಷಕ್ಕೆ ಬಿಟ್ಟರೆ ಹೋಲಿಕೆ ಸುಲಭವಾಗುತ್ತದೆ. ದಾಖಲೆಯನ್ನು ಇತರರಿಗೂ ಉಪಯೋಗವಾಗುವಂತೆ ಮಾಡಬಯಸುವವರು ಮರದ ಎಲೆ, ಹೂ, ಕಾಯಿಗಳ ವಿವರವನ್ನು ವಾರಕ್ಕೊಮ್ಮೆ ‘ಸೀಸನ್‌ವಾಚ್’ ಜಾಲತಾಣಕ್ಕೂ, ಹಕ್ಕಿಗಳ ಪಟ್ಟಿಯನ್ನು ‘ಇ-ಬರ್ಡ್’ ಜಾಲತಾಣಕ್ಕೂ ಸೇರಿಸಬಹುದು. ಫೆಬ್ರುವರಿಯ ನಡುವೆ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆಯಲ್ಲಿ ಭಾಗವಹಿಸಲು ಒಂದೇ ಜಾಗದಲ್ಲಿ 15 ನಿಮಿಷ ಹಕ್ಕಿಗಳನ್ನು ಎಣಿಸಿದರೂ ಆಗುತ್ತದೆ. ಮಲೆನಾಡಿನ ಓದುಗರು ಮೊದಲ ಹೂಮಳೆಯ ದಿನವನ್ನೂ ಕಾಫಿ ಅರಳಿದ ದಿನವನ್ನೂ ಗುರುತಿಸಿಡಬೇಕು. ಇವೆರಡರ ನಡುವೆ ಸಾಮಾನ್ಯವಾಗಿ ಎಂಟು ಹತ್ತು ದಿನಗಳ ಅಂತರವಿರುತ್ತದೆ.

ಮರಿ ನೆಲಕ್ಕೆ ಬಿದ್ದಿದ್ದರೆ

ಬೇಸಿಗೆ ಬಲಿತಂತೆ ಅಂಗಳದಲ್ಲಿ ಹಕ್ಕಿಮರಿಗಳು ಸಿಗುವುದುಂಟು. ಮೈತುಂಬ ಪುಕ್ಕವಿದ್ದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿ ಹತ್ತಿರದಲ್ಲಿಯೇ ಇದ್ದು ಗುಟುಕು ಕೊಡುತ್ತಿರುತ್ತವೆ. ಅದನ್ನು ಮನೆಯೊಳಗೆ ತರದೆ, ಬೆಕ್ಕು ನಾಯಿಗಳಿಗೆ ಸಿಗದಂತೆ ಪೊದೆಯ ಅಥವಾ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಬೇಕು. ಪುಕ್ಕವಿನ್ನೂ ಬಾರದ ಮರಿಯಾಗಿದ್ದು ಗೂಡು ಕೈಗೆಟುಕುವಂತಿದ್ದರೆ ಮೆಲ್ಲಗೆ ಅದರಲ್ಲಿಯೇ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಗಾಯಗೊಂಡಿದ್ದರೆ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಾದ ತಣ್ಣಗಿನ ಜಾಗದಲ್ಲಿರಿಸಿ, ಬಾಯಿಗೆ ನೀರನ್ನಾಗಲೀ ಹಾಲನ್ನಾಗಲೀ ಹಾಕದೆ ಊರಿನ ಪ್ರಾಣಿರಕ್ಷಣಾ ಕೇಂದ್ರಕ್ಕೋ ಅರಣ್ಯ ಇಲಾಖೆಯ ಕಚೇರಿಗೋ ತಿಳಿಸಿ.