ಅಣಕು ಚುನಾವಣೆ ಬಿಟ್ಟು ನಿಜವಾದ ಚುನಾವಣೆ ಮಾಡಿಸಿದ್ದು

ಹದಿನೈದರಿಂದ ಇಪ್ಪತ್ತರ ವಯಸ್ಸಿನ ಹುಡುಗ ಹುಡುಗಿಯರ ಗುಂಪುಗಳ ಜೊತೆ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರಜಾಪ್ರಭುತ್ವ, ಚುನಾವಣೆ, ಮಾನವ ಹಕ್ಕು, ಇವೇ ನಮ್ಮ ವಿಷಯ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ ಅಲ್ವಾ? ಅವರಿಗೂ ಬರುತ್ತಿತ್ತು.

ಶುರುವಿನಲ್ಲಿ ನಾನು ಮಾಡಿಸುತ್ತಿದ್ದದ್ದು ಅಣಕು ಸಂಸತ್ತು. ಒಬ್ಬ ಸ್ಪೀಕರ್, ಒಬ್ಬಳು ಪ್ರಧಾನಿ, ಕೂಗಾಡಲು ಒಂದಷ್ಟು ವಿರೋಧ ಪಕ್ಷದವರು. ಎಲ್ಲರಿಗೂ ಭಾರೀ ಖುಷಿ. ಒಂದು ತಿಂಗಳು ಬಿಟ್ಟು ಏನು ನೆನಪಿದೆ ಅಂತ ಕೇಳಿದರೆ, ಮೇಜು ಕುಟ್ಟಿದ್ದು ಬಿಟ್ಟು ಬೇರೇನೂ ನೆನಪಿರುತ್ತಿರಲಿಲ್ಲ. ಅವರ ತಪ್ಪಲ್ಲ. ಅಲ್ಲಿ ಗೆದ್ದರೂ ಸೋತರೂ ಯಾರಿಗೂ ಏನೂ ಆಗುತ್ತಿರಲಿಲ್ಲ, ಮತ್ತೆ ನೆನಪಿಟ್ಟುಕೊಂಡು ಏನು ಮಾಡಬೇಕು?

ಆಮೇಲೆ ಅಣಕು ಬಿಟ್ಟೆ. ಗುಂಪಿನದೇ ನಿಜವಾದ ಮೂರು ವಿಷಯಗಳನ್ನು ಅವರ ಕೈಗೆ ಕೊಟ್ಟೆ. ಎಷ್ಟು ಹೊತ್ತಿಗೆ ಸೇರಬೇಕು, ಸಂಚಾಲಕರು ಯಾರಾಗಬೇಕು, ವರ್ಷಕ್ಕೊಮ್ಮೆ ಬರುವ ಸ್ವಲ್ಪ ದುಡ್ಡಿನಲ್ಲಿ ಏನು ಮಾಡಬೇಕು. ನೀವು ಏನು ತೀರ್ಮಾನ ಮಾಡುತ್ತೀರೋ ಅದೇ ಆಗುತ್ತೆ, ನಾನು ಬದಲಾಯಿಸಲ್ಲ ಅಂತ ಮಾತು ಕೊಟ್ಟೆ. ಮಾತು ಕೊಡೋದು ಸುಲಭ, ಉಳಿಸಿಕೊಳ್ಳುವಾಗ ನಾಲಿಗೆ ಕಚ್ಚಿಕೊಂಡು ಕೂರಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೊದಲನೆಯದು ಹೊತ್ತಿನ ವಿಷಯ. ಸಂಜೆ 5ಕ್ಕೋ, 7ಕ್ಕೋ? ಇದಕ್ಕೆಲ್ಲ ಚೀಟಿ ಯಾಕೆ, ಕೈ ಎತ್ತಿ ಅಂದೆ. ಒಟ್ಟು 24 ಜನ. 7 ಗಂಟೆಗೆ 19 ಕೈ ಮೇಲೆದ್ದವು, 5ಕ್ಕೆ ಬರೀ 5. ಎರಡು ನಿಮಿಷದಲ್ಲಿ ಮುಗಿಯಿತು. ಮೂರು ವಾರದಲ್ಲಿ ನಾಲ್ಕು ಹುಡುಗಿಯರು ಬರುವುದು ನಿಲ್ಲಿಸಿದರು. ಒಬ್ಬಳನ್ನು ಕೇಳಿದಾಗ, "ಅಕ್ಕಾ, ಅಷ್ಟು ಹೊತ್ತಿಗೆ ಮನೇಲಿ ಬಿಡಲ್ಲ" ಅಂದಳು. ಮತ್ತೆ ಕೈ ಯಾಕೆ ಎತ್ತಿದೆ ಅಂದರೆ, "ಎಲ್ಲರೂ ಎತ್ತಿದ್ರು. ನೀವೂ ಅವರ ಕಡೆ ನೋಡಿ ನಗ್ತಾ ಇದ್ರಿ" ಅಂದಳು. ನಾನು ನಕ್ಕಿದ್ದು ನನಗೇ ನೆನಪಿರಲಿಲ್ಲ.

ಅದೇ ಪ್ರಶ್ನೆಯನ್ನು ಮತ್ತೆ ಚೀಟಿಯಲ್ಲಿ ಕೇಳಿದೆವು. ಬರುವುದು ನಿಲ್ಲಿಸಿದ್ದ ಆ ನಾಲ್ವರೂ ಸೇರಿ ಅದೇ 24 ಜನ. ಈ ಸಲ 5 ಗಂಟೆಗೆ 13, 7ಕ್ಕೆ 11. ಎಣಿಸಿ ಮುಗಿದ ಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು ಅಷ್ಟೆ. ಗುಪ್ತ ಮತದಾನ ಯಾಕೆ ಬೇಕು ಅಂತ ಅದುವರೆಗೆ ನಾನು ಎಷ್ಟು ಭಾಷಣ ಕೊಟ್ಟಿದ್ದೆನೋ ಏನೋ. ಬ್ರಿಟನ್ನಿನಲ್ಲಿ 1872ರವರೆಗೂ ಮತದಾರ ಎಲ್ಲರೆದುರು ನಿಂತು ಯಾರಿಗೆ ವೋಟು ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಪಕ್ಕದಲ್ಲೇ ಜಮೀನಿನ ಧಣಿ ಕೇಳಿಸಿಕೊಳ್ಳುತ್ತಿರಬಹುದಿತ್ತು ಅಂತ ಆ ದಿನ ಹೇಳಿದಾಗ ಮಾತ್ರ ಅದು ಅವರಿಗೆ ಸರಿಯಾಗಿ ತಾಗಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾದಲ್ಲಿ 1856ರಲ್ಲೇ ಗುಪ್ತ ಮತದಾನ ಬಂದಿತ್ತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 21ನೇ ವಿಧಿಯಲ್ಲೂ ಅದನ್ನು ಬರೆದಿದ್ದಾರೆ. ಅದು ಸುಮ್ನೆ ಸೇರಿಸಿದ ಮಾತಲ್ಲ ಅಂತ ನನಗೂ ಅವತ್ತೇ ಸರಿಯಾಗಿ ಅರ್ಥವಾಗಿದ್ದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಎತ್ತಿದ. ಚೀಟಿಯಲ್ಲೂ 7 ಗಂಟೆಯೇ ಗೆದ್ದಿದ್ದರೆ? ಆಗ ಆ ನಾಲ್ಕು ಜನ ಮನೆಯಲ್ಲೇ ಇರಬೇಕಿತ್ತಾ? "ಬಹುಮತ ಅಂದ್ಮೇಲೆ ಬಹುಮತ" ಅಂತ ಅರ್ಧ ಜನ. ಇನ್ನರ್ಧ ಜನ ಒಪ್ಪಲಿಲ್ಲ. ಒಂದು ಗಂಟೆ ಜಗಳ ನಡೆಯಿತು, ನಿಜವಾದ ಜಗಳ. ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕು ಅಂತ ಎರಡು ಬೇರೆ ಬೇರೆ ದಿನ ಪಾಠ ಮಾಡುತ್ತಿದ್ದೆನಲ್ಲ, ಅದು ದಡ್ಡತನ. ಎರಡೂ ಒಂದನ್ನೊಂದು ಡಿಕ್ಕಿ ಹೊಡೆಯುವ ಜಾಗದಲ್ಲೇ ಮಕ್ಕಳು ಯೋಚನೆ ಮಾಡಲು ಶುರು ಮಾಡುತ್ತಾರೆ. ಕೊನೆಗೆ ಅವರೇ ಒಂದು ನಿಯಮ ಬರೆದರು. ಯಾರಾದರೂ ಗುಂಪಿಗೆ ಬರಲಿಕ್ಕೇ ಆಗದಂತೆ ಮಾಡುವ ವಿಷಯವನ್ನು ವೋಟಿಗೆ ಹಾಕುವ ಹಾಗಿಲ್ಲ. ಸಂವಿಧಾನಗಳಲ್ಲಿ ಮೂಲಭೂತ ಹಕ್ಕುಗಳ ಭಾಗ ಯಾಕಿರುತ್ತದೆ ಅಂತ ಆಮೇಲೆ ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ.

ಸಂಚಾಲಕರ ಚುನಾವಣೆಯದು ಇನ್ನೊಂದು ಕಥೆ. ಒಬ್ಬ ಹುಡುಗಿ, ಒಬ್ಬ ಹುಡುಗ. ಶೂ ಡಬ್ಬಕ್ಕೆ ತೂತು ಮಾಡಿ ಮತಪೆಟ್ಟಿಗೆ ಮಾಡಿದ್ದೆವು, ಎಣಿಕೆಗೆ ಎರಡೂ ಕಡೆಯ ಏಜೆಂಟರಿದ್ದರು. ಹುಡುಗಿಗೆ 12, ಹುಡುಗನಿಗೆ 11, ಉಳಿದದ್ದು ಒಂದು ಚೀಟಿ. ಅದರಲ್ಲಿ ಎರಡು ಹೆಸರುಗಳ ನಡುವಿನ ಗೆರೆಯ ಮೇಲೇ ಟಿಕ್ ಹಾಕಿದ್ದರು. ಟಿಕ್ಕಿನ ಬಾಲ ಹುಡುಗನ ಹೆಸರಿನ ಕಡೆ ಸ್ವಲ್ಪ ಇಳಿದಿತ್ತು. ಅವನ ಏಜೆಂಟ್ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದ, ಇವಳ ಏಜೆಂಟ್ ಅದನ್ನು ತಿರುಗಿಸಿ ಹಿಡಿದು "ಹೀಗೆ ನೋಡು, ಟಿಕ್ ಶುರುವಾಗಿದ್ದು ಎಲ್ಲಿಂದ?" ಅಂದಳು. ಇಪ್ಪತ್ತು ನಿಮಿಷ ಒಂದು ಟಿಕ್ಕಿನ ಬಾಲದ ಮೇಲೆ ವಾದ. ಬರೆದವರು ಯಾರು ಅಂತ ಕೇಳಿಬಿಡೋಣ ಅಂತ ಒಬ್ಬ ಹೇಳಿದಾಗ ನಾಲ್ಕೈದು ಜನ ಒಟ್ಟಿಗೆ ಬೇಡ ಅಂತ ಕೂಗಿದರು. ಹೊತ್ತಿನ ವೋಟು ಮರೆತಿರಲಿಲ್ಲ ಅವರು.

ಎಲ್ಲರೂ ನನ್ನ ಕಡೆ ನೋಡಿದರು. ತೀರ್ಪು ಕೊಟ್ಟುಬಿಡಬೇಕು ಅನ್ನಿಸಿತ್ತು, ಬಾಯಿ ಮುಚ್ಚಿಕೊಂಡೆ. ಯಾವ ಗುರುತು ಸರಿ, ಯಾವುದು ತಿರಸ್ಕೃತ ಅಂತ ಪೆಟ್ಟಿಗೆ ತೆರೆಯುವ ಮೊದಲೇ ಬರೆದಿಡಬೇಕಿತ್ತು ಅಂತ ಅವರೇ ಕಂಡುಕೊಂಡರು. ಫಲಿತಾಂಶ ಗೊತ್ತಾದ ಮೇಲೆ ಮಾಡುವ ನಿಯಮ ಯಾವಾಗಲೂ ಯಾರದೋ ಕಡೆಯ ನಿಯಮವೇ ಆಗಿರುತ್ತದೆ. ನಿಯಮ ಬರೆದು ಮುಂದಿನ ವಾರ ಮರುಮತದಾನ ಮಾಡಿದರು. 14-10ರಲ್ಲಿ ಅದೇ ಹುಡುಗಿ ಗೆದ್ದಳು. ಸೋತವನು ಎರಡು ವಾರ ಮುಖ ಊದಿಸಿಕೊಂಡಿದ್ದ, ಆಮೇಲೆ ಸರಿಹೋದ.

ದುಡ್ಡಿನ ವಿಷಯಕ್ಕೆ ಬಂದಾಗ ನಾನೇ ಒಂದು ಕಿತಾಪತಿ ಮಾಡಿದೆ. ಆಯ್ಕೆ ಮೂರಿದ್ದವು: ಪ್ರವಾಸ, ನಾಟಕ, ಪುಸ್ತಕ. ಒಂದಕ್ಕೇ ಟಿಕ್ ಹಾಕುವ ಬದಲು 1, 2, 3 ಅಂತ ಕ್ರಮ ಬರೆಯಿರಿ ಅಂದೆ. ಮೊದಲ ಆಯ್ಕೆ ಮಾತ್ರ ಎಣಿಸಿದರೆ ಪ್ರವಾಸ 10, ನಾಟಕ 8, ಪುಸ್ತಕ 6. ಪ್ರವಾಸ ಗೆದ್ದಿತು ಅಂತ ಕುಣಿದರು. ತಡೀರಿ ಅಂತ ಪುಸ್ತಕವನ್ನು ಕೈಬಿಟ್ಟು ಆ ಆರು ಜನರ ಎರಡನೇ ಆಯ್ಕೆ ನೋಡಿದೆವು. ಐದು ನಾಟಕಕ್ಕೆ, ಒಂದು ಪ್ರವಾಸಕ್ಕೆ. ನಾಟಕ 13, ಪ್ರವಾಸ 11! ಈಗ ಇನ್ನೊಂದು ಗುಂಪು ಕುಣಿಯಿತು. ಕೊನೆಗೆ ಮೊದಲ ಆಯ್ಕೆಗೆ 2 ಅಂಕ, ಎರಡನೆಯದಕ್ಕೆ 1 ಅಂತ ಕೂಡಿದೆವು. ಪ್ರವಾಸ 22, ನಾಟಕ 22, ಪುಸ್ತಕ 28. ಮೊದಲ ಎಣಿಕೆಯಲ್ಲಿ ಕೊನೆಗಿದ್ದ ಪುಸ್ತಕವೇ ಗೆದ್ದಿತು, ಯಾಕಂದರೆ ಉಳಿದವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಅದು ಎರಡನೇ ಆಯ್ಕೆಯಾಗಿತ್ತು.

ಒಂದು ಚೀಟಿಯೂ ಬದಲಾಗಿಲ್ಲ, ಗೆದ್ದವರು ಮಾತ್ರ ಮೂರು ಸಲ ಬೇರೆ. ಮೋಸ ಅಂತ ಗಲಾಟೆ ಎದ್ದಿತು. ಮೋಸ ಅಲ್ಲಪ್ಪಾ, ಭಾರತದ ಲೋಕಸಭೆಗೂ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೂ ಮೊದಲನೆಯ ಥರ ಎಣಿಸುತ್ತಾರೆ, ಆಸ್ಟ್ರೇಲಿಯಾದ ಕೆಳಮನೆಗೆ ಎರಡನೆಯ ಥರ, ಮೂರನೆಯದನ್ನು ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಬೋರ್ಡಾ ಅನ್ನುವ ಗಣಿತಜ್ಞ ಮುಂದಿಟ್ಟ ಅಂತ ಹೇಳಿದೆ. ಯಾವ ಎಣಿಕೆ ಅಂತ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು, ಅದನ್ನು ಒಪ್ಪಿಕೊಂಡೆ. ಎಣಿಸುವ ವಿಧಾನಕ್ಕೇ ಒಂದು ವೋಟು ಹಾಕಿ ಎರಡನೆಯದನ್ನು ಆರಿಸಿಕೊಂಡರು, ನಾಟಕ ಆಯಿತು. ನನಗೆ ಪುಸ್ತಕ ಇಷ್ಟವಿತ್ತು. ಹೇಳಲಿಲ್ಲ.

"ನಮಗೆ ಇನ್ನೂ ವೋಟೇ ಇಲ್ಲ, ಇದನ್ನೆಲ್ಲ ಕಲಿತು ಏನುಪಯೋಗ?" ಅಂತ ಪ್ರತಿ ಗುಂಪಿನಲ್ಲೂ ಒಬ್ಬರು ಕೇಳುತ್ತಾರೆ. ಮಲೇಷ್ಯಾದ ಕಥೆ ಹೇಳುತ್ತೇನೆ. ಅಲ್ಲಿ ಮತದಾನದ ವಯಸ್ಸು 21 ಇತ್ತು. ಉಂಡಿ18 ಅನ್ನುವ ಯುವಜನರ ಅಭಿಯಾನ ಪಟ್ಟು ಹಿಡಿಯಿತು, 2019ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು, 2022ರ ಸಾರ್ವತ್ರಿಕ ಚುನಾವಣೆಯಲ್ಲಿ 18 ತುಂಬಿದವರು ವೋಟು ಹಾಕಿದರು. ನೈಜೀರಿಯಾದಲ್ಲಿ 2018ರಲ್ಲಿ ಯುವಜನರ ಒತ್ತಾಯದಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಕನಿಷ್ಠ ವಯಸ್ಸು 40ರಿಂದ 35ಕ್ಕೆ ಇಳಿಯಿತು. ಆಸ್ಟ್ರಿಯಾದಲ್ಲಂತೂ 2007ರಿಂದ 16ಕ್ಕೇ ವೋಟು. ಇನ್ನು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇಷ್ಟು: ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು. ಎರಡನೇ ಅರ್ಧವನ್ನು ದೊಡ್ಡವರು ಆರಾಮಾಗಿ ಮರೆಯುತ್ತಾರೆ.

ನಮಗೂ ಆಯಿತು. ಒಂದು ಕಚೇರಿಯವರು ಯುವಜನರ ಸಲಹೆ ಬೇಕು ಅಂತ ಕರೆದರು. ನಮ್ಮವರು ರಾತ್ರಿ ಕೂತು ನಾಲ್ಕು ಪುಟ ಬರೆದುಕೊಂಡು ಹೋದರು. ಮೊದಲ ಸಾಲಿನಲ್ಲಿ ಕೂರಿಸಿದರು, ಒಂದೇ ಬಣ್ಣದ ಟೋಪಿ ಕೊಟ್ಟರು, ಫೋಟೋ ತೆಗೆದರು, ಸಮಯ ಮುಗಿಯಿತು ಅಂದರು. ನಾಲ್ಕು ಪುಟ ಚೀಲದಲ್ಲೇ ಉಳಿಯಿತು. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬರೆದಿದ್ದಾರೆ, ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ, ಅದರಲ್ಲಿ ಒಂದರ ಹೆಸರೇ ಅಲಂಕಾರ. ಅದನ್ನು ತೋರಿಸಿದಾಗ ಒಬ್ಬಳು "ಅಂದ್ರೆ ನಾವು ಹೂಕುಂಡ" ಅಂದಳು. ಅವತ್ತಿನಿಂದ ಯಾರು ಕರೆದರೂ ನಮ್ಮ ಸಂಚಾಲಕಿ ಮೊದಲು ಕೇಳುವುದು ಒಂದೇ, ನಮಗೆ ಮಾತಾಡಲು ಎಷ್ಟು ನಿಮಿಷ, ಹೇಳಿದ್ದಕ್ಕೆ ಉತ್ತರ ಯಾವಾಗ ಕೊಡುತ್ತೀರಿ? ಇದರಿಂದ ಕರೆಗಳು ಕಡಿಮೆಯಾಗಿವೆ. ಪರವಾಗಿಲ್ಲ.

ಈ ವರ್ಷ ಹೊಸ ಗುಂಪು. ಮೊದಲ ವೋಟಿಗೆ ಚೀಟಿ ಹಂಚಲು ಎದ್ದೆ. ಒಬ್ಬ ಹುಡುಗ ಸಂಕೋಚದಿಂದಲೇ ಹೇಳಿದ, "ಅಕ್ಕಾ, ನೀವು ಸ್ವಲ್ಪ ಹೊರಗಿರ್ತೀರಾ? ನೀವಿದ್ರೆ ಎಲ್ಲರೂ ನಿಮ್ಮ ಮುಖ ನೋಡ್ತಾರೆ." ಹೊರಗೆ ಹೋಗಿ ನಿಂತೆ. ನಲವತ್ತು ನಿಮಿಷ ಆಯಿತು. ಒಳಗೆ ಒಂದು ಸಲ ಗಲಾಟೆ, ಒಂದು ಸಲ ನಗು, ಆಮೇಲೆ ತುಂಬಾ ಹೊತ್ತು ಸದ್ದೇ ಇಲ್ಲ. ಬಾಗಿಲು ತೆರೆದವಳು ಫಲಿತಾಂಶ ಬರೆದ ಹಾಳೆ ಕೊಟ್ಟಳು, ಕೆಳಗೆ ಇಬ್ಬರು ಏಜೆಂಟರ ಸಹಿ ಇತ್ತು, ತಿರಸ್ಕೃತ ಮತ ಸೊನ್ನೆ.