ಅಣ್ಣನನ್ನು ಕಟ್ಟದೆ ಆಸ್ಪತ್ರೆಗೆ ಸೇರಿಸಿದ್ದು: ನನ್ನ ಅನುಭವ

ಹೋದ ವರ್ಷ ಆಷಾಢದಲ್ಲಿ ಅಣ್ಣ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತು ಶಿವಮೊಗ್ಗಕ್ಕೆ ಹೋದ. ಹಿಂದೆ ನಾಲ್ಕು ಜನರ ನಡುವೆ ಅಲ್ಲ. ಮುಂದೆ, ಕಿಟಕಿ ಪಕ್ಕ, ಮಡಿಲಲ್ಲಿ ಎಲೆ ಅಡಿಕೆ ಚೀಲ ಇಟ್ಟುಕೊಂಡು. ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸು ಅಂದ. ಮಳೆಯಲ್ಲೇ ಇಳಿದು ತುಂಗೆಯ ನಡುಗಡ್ಡೆಯ ಮರಗಳ ಮೇಲಿದ್ದ ಬೆಳ್ಳಕ್ಕಿಗಳನ್ನು ಎಣಿಸತೊಡಗಿದ. ನೂರಾ ಹದಿನೆಂಟಕ್ಕೆ ಬಂದಾಗ ಭಾವ "ಉಳಿದದ್ದು ಬರುವಾಗ ಎಣಿಸೋಣ ಮಾರಾಯಾ" ಅಂದರು. ಬಂದು ಕೂತ.

ಅಣ್ಣನಿಗೆ ಮಾನಸಿಕ ಕಾಯಿಲೆ. ಅದು ಏರಿದಾಗ ತನ್ನನ್ನು ಹೇಗೆ ನೋಡಿಕೊಳ್ಳಬೇಕು ಅಂತ ಚೆನ್ನಾಗಿದ್ದಾಗಲೇ ಒಂದು ಕಾಗದದಲ್ಲಿ ಬರೆದಿಟ್ಟಿದ್ದ. ಇಷ್ಟಾಗಲಿಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. "ತಲೆ ಕೆಟ್ಟಾಗ ಕಾಗದ ತೋರಿಸಿದ್ರೆ ಕೇಳ್ತಾನಾ?" ಅಂತ ನಕ್ಕವರು ಒಬ್ಬಿಬ್ಬರಲ್ಲ. ನಮ್ಮ ಆರೈಕೆದಾರರ ಗುಂಪಿನಲ್ಲೇ ಇಬ್ಬರು ನನಗೆ ಕಾಗದ ಭಟ್ಟ ಅಂತ ಹೆಸರಿಟ್ಟಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಏನು, ಅದರ ಸೆಕ್ಷನ್ 86 (ರೋಗಿ ತಾನೇ ಒಪ್ಪಿ ಆಸ್ಪತ್ರೆ ಸೇರುವುದು) ಏನು, 89 (ಅವನ ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸುವುದು) ಏನು ಅಂತ ಮನೆಯಲ್ಲಿ ರೋಗಿ ಇರುವವರಿಗೆ ನಾನು ಪಾಠ ಹೇಳುವುದು ಬೇಡ. ಎಲ್ಲಿ ಎಡವಿದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲ ಸಲ 2014ರಲ್ಲಿ. ಕೊಯ್ಲು ಜೋರಾಗಿ ನಡೀತಾ ಇತ್ತು. ಅಣ್ಣನಿಗೆ ನಿದ್ದೆ ಬಿಟ್ಟು ಹತ್ತು ದಿನವಾಗಿತ್ತು. ಅಂಗಳದಲ್ಲಿ ಒಣಗಿಸಿದ್ದ ಅಡಿಕೆಯನ್ನು ದಾರಿಹೋಕರಿಗೆಲ್ಲ ಮೊಗೆದು ಕೊಡುತ್ತಿದ್ದ. ನಾನೇ ಟೀಗೆ ನಿದ್ದೆ ಮಾತ್ರೆ ಪುಡಿ ಮಾಡಿ ಹಾಕಿದೆ. ಹೊರನಾಡಿಗೆ ಹೋಗೋಣ, ಹರಕೆ ಇದೆ ಅಂತ ಸುಳ್ಳು ಹೇಳಿದೆ. ಅರ್ಧ ದಾರಿಯಲ್ಲಿ ಎಚ್ಚರವಾಯಿತು. ಆಮೇಲೆ ಅಡಿಕೆ ಗೊನೆ ಇಳಿಸುವ ಹಗ್ಗದಲ್ಲೇ ಕಟ್ಟಿದೆವು. ಗಾಡಿಗೆ ನಾಲ್ಕೂವರೆ ಸಾವಿರ, ಹಿಡಿದುಕೊಳ್ಳಲು ಬಂದ ನಾಲ್ವರಿಗೆ ತಲಾ ಐನೂರು, ಅವರ ಬಾಟಲಿ ಖರ್ಚು ಬೇರೆ. ಆಸ್ಪತ್ರೆಯ ಬಿಲ್ಲು ಅರವತ್ತು ಸಾವಿರದ ಹತ್ತಿರ. ಆಗ ಇದ್ದದ್ದು 1987ರ ಕಾಯ್ದೆ. ಮನೆಯವರ ಅರ್ಜಿ, ಇಬ್ಬರು ಡಾಕ್ಟರ ಸರ್ಟಿಫಿಕೇಟ್ ಇದ್ದರೆ 90 ದಿನ ಇರಿಸಿಕೊಳ್ಳಬಹುದಿತ್ತು. ರೋಗಿಯ ಮಾತನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗುಣವಾಗಿ ಬಂದ. ಆದರೆ ಹದಿನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಯಾರು ಟೀ ಕೊಟ್ಟರೂ ಲೋಟ ಬೆಳಕಿಗೆ ಹಿಡಿದು ತಳ ನೋಡುತ್ತಿದ್ದ. ಅತ್ತಿಗೆ ಕೊಟ್ಟರೂ ಅಷ್ಟೇ. ಹೊರನಾಡಿಗೆ ಇವತ್ತಿಗೂ ಹೋಗಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಏನೆಂದರೆ, ಆಮೇಲೆ ನಿಜವಾದ ಮಾತ್ರೆಯನ್ನೂ ನಂಬಲಿಲ್ಲ. ಅವನಿಗೆ ಕೊಟ್ಟಿದ್ದ ಲಿಥಿಯಂ ಮಾತ್ರೆ ಸುಮಾರು ಎಂಟು ತಿಂಗಳು ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಗೆ ಹೋಗಿದೆ. ಗೊತ್ತಾಗಿದ್ದು ಬಹಳ ತಡವಾಗಿ.

ಎರಡನೇ ಸಲ 2019. ಹೊಸ ಕಾಯ್ದೆ ಜಾರಿಗೆ ಬಂದು ವರ್ಷವಾಗಿತ್ತು. ಈ ಸಲ ಸರಿಯಾಗಿ ಮಾಡೋಣ ಅಂತ ಹೊರಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಇಂಜೆಕ್ಷನ್ ಕೊಟ್ಟು ಅರೆನಿದ್ದೆಯಲ್ಲಿದ್ದವನ ಕೈಯಲ್ಲಿ ಸಹಿ ಹಾಕಿಸಿಕೊಂಡರು. ಫಾರಂ ಸ್ವತಂತ್ರ ದಾಖಲಾತಿಯದ್ದು, ಅಂದರೆ 86. ಐದನೇ ದಿನ ಅಣ್ಣ ಮನೆಗೆ ಕಳಿಸಿ ಅಂದ. 86ರಲ್ಲಿ ಸೇರಿದವನು ಕೇಳಿದರೆ ಬಿಡಬೇಕು. ಬಿಡುವುದು ಅಪಾಯ ಅನಿಸಿದರೆ ಪರೀಕ್ಷೆಗೆ ಅಂತ 24 ಗಂಟೆ ತಡೆಯಬಹುದು, ಆಮೇಲೆ 89ಕ್ಕೆ ದಾರಿ ಹಿಡಿಯಬೇಕು. ಅವರು ಎರಡೂ ಮಾಡಲಿಲ್ಲ. ಸುಮ್ನೆ ಹತ್ತೊಂಬತ್ತು ದಿನ ಇಟ್ಟುಕೊಂಡರು. ಫೋನೂ ಕೊಡಲಿಲ್ಲ. ನಾನು ಹೋಗಿ ಯಾವ ಸೆಕ್ಷನ್ ಅಂತ ಕೇಳಿದರೆ "ನಿಮ್ಮ ಒಳ್ಳೇದಕ್ಕೇ ಅಲ್ವಾ ಸಾರ್" ಅಂದರು. ಬಿಲ್ಲು ಒಂದು ಲಕ್ಷ ಹತ್ತು ಸಾವಿರದಷ್ಟು. ಆಗಿನ ರೇಟಿನಲ್ಲಿ ಮೂರು ಕ್ವಿಂಟಲ್ ರಾಶಿ ಅಡಿಕೆ.

ಕಾಯ್ದೆಯ ಪ್ರಕಾರ ಬೋರ್ಡಿಗೆ, ಅಂದರೆ ಇಂಥ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅರ್ಜಿ ಹಾಕಬಹುದಿತ್ತು. ಅದಕ್ಕೆ ಫೀಸಿಲ್ಲ, ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಕೇಳಬಹುದು. ನಾನು ಬರೆದೆ. ಆದರೆ ವಿಳಾಸ ತಪ್ಪಿ ರಿಜಿಸ್ಟರ್ಡ್ ಪೋಸ್ಟ್ ಇಪ್ಪತ್ತು ದಿನಕ್ಕೆ ವಾಪಸ್ ಬಂತು. ಅಷ್ಟರಲ್ಲಿ ಅಣ್ಣ ಮನೆಯಲ್ಲಿದ್ದ. ಗೆದ್ದದ್ದು ಒಂದೇ ಒಂದು. ಸೆಕ್ಷನ್ 25 ಹೆಸರು ಹೇಳಿ ಎರಡು ಪತ್ರ ಬರೆದು ಅವನ ಕೇಸ್ ಶೀಟ್ ತರಿಸಿದೆ. ಅದರಲ್ಲಿ ಕಣ್ಣಿಗೆ ಬಿದ್ದ ಒಂದು ಸಾಲು ಮುಂದೆ ತುಂಬಾ ಉಪಯೋಗಕ್ಕೆ ಬಂತು. ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟ ರಾತ್ರಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು. ಅಣ್ಣ ಅದನ್ನು ಹೇಳಿದ್ದ. ನಾವು ಭ್ರಮೆ ಅಂದುಕೊಂಡಿದ್ದೆವು.

ಆಗ ನನಗೆ ಹೊಳೆದದ್ದು, ಆಸ್ಪತ್ರೆ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಅಣ್ಣ ಚೆನ್ನಾಗಿದ್ದಾಗ ಅಣ್ಣನ ಜೊತೆಗೇ ಒಪ್ಪಂದ ಆಗಬೇಕು. ಮುಂಗಡ ನಿರ್ದೇಶನಕ್ಕೆ, ಅಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ರೋಗಿ ಮೊದಲೇ ಬರೆದಿಡುವುದಕ್ಕೆ, ಕಾಯ್ದೆಯಲ್ಲೇ ಜಾಗ ಇದೆಯಲ್ಲ, ಅದನ್ನೇ ಹಿಡಿದೆ.

ಮೊದಲ ಕರಡು ನಾನೇ ಬರೆದೆ. ನಾಲ್ಕು ಪುಟ, ಟೈಪ್ ಮಾಡಿಸಿದ್ದು, ಕಾನೂನು ಭಾಷೆ. ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ಮಾತಾಡಲು ಅವನೇ ಹೆಸರಿಸುವವರು) ಅಂತ ನನ್ನ ಹೆಸರೇ. ಅಣ್ಣ ಓದಿ ಮಡಚಿ ಜಗಲಿಯ ಮೇಲಿಟ್ಟು ತೋಟಕ್ಕೆ ಹೋದ. ಎರಡನೇ ಕರಡಿಗೂ ಅದೇ ಗತಿ. ಮೂರನೇ ಸಲ ಅಕ್ಕ ಬಂದಿದ್ದಳು. ಅವಳು ಒಂದೇ ಮಾತು ಕೇಳಿದಳು, "ಹಗ್ಗ ಹಿಡಿದವನ ಹೆಸರನ್ನ ಅವನು ಹೇಗೆ ಬರೀತಾನೋ?"

ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಹತ್ತು ವರ್ಷದಿಂದ ಮಾತ್ರೆ ತರುವವನು ನಾನು, ರಕ್ತಪರೀಕ್ಷೆಗೆ ಕರೆದೊಯ್ಯುವವನು ನಾನು. ಆದರೆ ಅವಳು ಹೇಳಿದ್ದು ಸರಿ. ಬೀಗದ ಕೈ, ಬ್ಯಾಂಕ್ ಪಾಸ್‌ಬುಕ್, ಮಾತ್ರೆ ಡಬ್ಬಿ ಯಾರ ಹತ್ತಿರ ಇದೆಯೋ ಅವರು ಪ್ರತಿನಿಧಿ ಆಗಬಾರದು. ಆಮೇಲೆ ಬೇರೆ ಮನೆಗಳಲ್ಲೂ ಇದನ್ನು ನೋಡಿದೆ. ಅಪ್ಪ, ಗಂಡ, ತಮ್ಮ ಆದ ಕಡೆ ಕೆಡುತ್ತದೆ. ಸೋದರಮಾವ, ಹಳೆ ಮೇಷ್ಟ್ರು, ಅಕ್ಕನ ಗಂಡ ಆದ ಕಡೆ ನಡೆಯುತ್ತದೆ. ಅಣ್ಣ ಭಾವನ ಹೆಸರು ಬರೆದ. ಪ್ರತಿನಿಧಿಯನ್ನು ನೇಮಿಸಲು ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಛಾಪಾ ಕಾಗದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ನಾನು ನೂರರ ಎರಡು ಛಾಪಾ ಕಾಗದ ಹಾಳು ಮಾಡಿದ್ದೇನೆ.

ಉಳಿದದ್ದನ್ನೂ ಅವನ ಕೈಬರಹದಲ್ಲೇ ಬರೆಸಿದೆವು. ಏಳು ಸಾಲು, ಇಬ್ಬರು ಸಾಕ್ಷಿ. ಸುಳ್ಳು ಹೇಳಿ ಕರೆದುಕೊಂಡು ಹೋಗಬಾರದು. ಟೀಗೆ ಏನೂ ಹಾಕಬಾರದು. ಕುತ್ತಿಗೆ ತಿರುಚಿದ ಇಂಜೆಕ್ಷನ್ ಬೇಡ, ಬೇರೆ ಯಾವುದಾದರೂ ಕೊಡಿ. ಕೈಕಾಲು ಕಟ್ಟಬಾರದು, ಕಟ್ಟಲೇಬೇಕಾಗಿ ಬಂದರೆ ಯಾಕೆ ಅಂತ ಬರೆದಿಟ್ಟು ಅವತ್ತೇ ಭಾವನಿಗೆ ಹೇಳಬೇಕು. (ಕಾಯ್ದೆಯಲ್ಲಿ 24 ಗಂಟೆ ಇದೆ, ಅಣ್ಣ ಅವತ್ತೇ ಅಂದ.) ಸಂಜೆ ಅರ್ಧ ಗಂಟೆ ಫೋನು ಬೇಕು. ಮೂರು ರಾತ್ರಿ ಮೂರು ಗಂಟೆಯೋ ಅದಕ್ಕಿಂತ ಕಡಿಮೆಯೋ ನಿದ್ದೆಯಾದರೆ ಭಾವ ಹೇಳಿದಂತೆ ಕೇಳುತ್ತೇನೆ. ಕೊನೆಯ ಸಾಲು, ನಾನು ಬರುವವರೆಗೆ ನನ್ನ ಪಾಲಿನ ಅಡಿಕೆ ಮಂಡಿಗೆ ಹಾಕಬಾರದು. ಇದು ಚಿಕಿತ್ಸೆಯ ವಿಷಯ ಅಲ್ಲ, ಇಲ್ಲಿ ನಡೆಯಲ್ಲ ಅಂದೆ. "ಇರಲಿ, ಬರಿ" ಅಂದ. ಇರಲಿ ಅಂತ ಬಿಟ್ಟೆವು. ಆ ಸಾಲಿನಿಂದಲೇ ಉಳಿದ ಆರು ಅವನದಾದವು ಅಂತ ನನ್ನ ಅನುಮಾನ.

ಆರನೇ ಸಾಲಿಗೆ ಅಳತೆ ಬೇಕಲ್ಲ. ಅದಕ್ಕೆ ಏನೇನೋ ಪ್ರಯೋಗ ಮಾಡಿದೆ. ನಿದ್ದೆ ಲೆಕ್ಕ ಹಾಕುವ ಕೈಗಡಿಯಾರ, ಎರಡೂವರೆ ಸಾವಿರ. ಮಳೆಗಾಲದಲ್ಲಿ ಕರೆಂಟಿಲ್ಲದೆ ನಾಲ್ಕು ದಿನಕ್ಕೆ ಸತ್ತಿತು. ಆಮೇಲೆ ಅತ್ತಿಗೆ ನೋಡಿ ಬರೆಯಲಿ ಅಂದೆ. ಕಾವಲು ಕಾಯ್ತಿದ್ದೀರಾ ಅಂತ ಅಣ್ಣನಿಗೆ ಸಿಟ್ಟು. ಕೊನೆಗೆ ಗೋಡೆ ಕ್ಯಾಲೆಂಡರಿನಲ್ಲಿ ಅವನೇ ಬರೆಯತೊಡಗಿದ. ಹಾಲು ಲೆಕ್ಕದ ಪಕ್ಕದಲ್ಲಿ ನಿದ್ದೆ ಲೆಕ್ಕ. ಅರ್ಧ ಲೀಟರ್, ಆರು ಗಂಟೆ. ಇದೇ ನಿಂತದ್ದು. ಇನ್ನೊಂದು ಗಮನಕ್ಕೆ ಬಂತು. ಕಾಯಿಲೆ ಏರುವ ಮುಂಚೆ ಅವನ ಅಕ್ಷರ ದೊಡ್ಡದಾಗುತ್ತದೆ, ಮರುದಿನದ ಚೌಕಕ್ಕೂ ನುಗ್ಗುತ್ತದೆ. ಡಾಕ್ಟರಿಗೆ ತೋರಿಸಿದೆ. ಅವರು ಫೋಟೋ ತೆಗೆದುಕೊಂಡರು.

ಕಾಗದಕ್ಕೆ ಮೊದಲ ಪರೀಕ್ಷೆ 2022ರಲ್ಲಿ. ಸೋತಿತು. ಭಾವ ಕಾಗದ ತೋರಿಸಿದ ಕೂಡಲೇ ಅಣ್ಣ ಹರಿದು ಒಲೆಗೆ ಹಾಕಿದ. ನಾನು ಬುದ್ಧಿವಂತನ ಹಾಗೆ "ಹರಿದರೆ ರದ್ದಾಗಲ್ಲ, ರದ್ದು ಮಾಡಲಿಕ್ಕೂ ಮಾಡಿದ ಕ್ರಮದಲ್ಲೇ ಮಾಡಬೇಕು, ಸೆಕ್ಷನ್ 8" ಅಂದೆ. ಕಾನೂನು ಸರಿ ಇತ್ತು. ಆದರೆ ಅಣ್ಣ ಕೊಟ್ಟಿಗೆಯಿಂದ ಕತ್ತಿ ತಂದ. 112ಕ್ಕೆ ಫೋನ್ ಮಾಡಬೇಕಾಯಿತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಹಲಸಿನ ಮರದ ಹತ್ತಿರ ಮಾತ್ರ, ಹೋಗಿ ಬರಲಿಕ್ಕೆ ಇಪ್ಪತ್ತು ನಿಮಿಷ. ಬಂದವರು ಒಳ್ಳೆಯವರೇ. ಆದರೂ ಠಾಣೆಯಲ್ಲಿ ಎರಡು ತಾಸು ಕೂರಿಸಿದರು. ಇಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಇದು ಸೆಕ್ಷನ್ 100. ಭಾವ ಮೆತ್ತಗೆ ಓದಿ ಹೇಳಿದ ಮೇಲೆ ಜೀಪು ಹೊರಟಿತು. ತುರ್ತು ಚಿಕಿತ್ಸೆ ಅಂತ ಇಂಜೆಕ್ಷನ್ ಕೊಟ್ಟರು. ತುರ್ತಿನ ಹೊತ್ತಿಗೆ ಮುಂಗಡ ಕಾಗದ ನಡೆಯುವುದಿಲ್ಲ, ತುರ್ತು ಚಿಕಿತ್ಸೆಗೆ 72 ಗಂಟೆಯ ಮಿತಿ. ಇದನ್ನು ಅಣ್ಣನಿಗೆ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು.

ಆ ಸೋಲಿನಿಂದ ಮೂರು ಬದಲಾವಣೆ ಮಾಡಿದೆ. ಕಾಗದ ತೋರಿಸುವವರು ಭಾವ ಒಬ್ಬರೇ, ಆಗ ನಾನು ಮನೆಯಲ್ಲೇ ಇರುವುದಿಲ್ಲ. ಮೂಲ ಪ್ರತಿ ಅಕ್ಕನ ಮನೆಯಲ್ಲಿ, ಜೆರಾಕ್ಸ್ ಐದು. ಮೂರನೆಯದು ಭಾವ ಮಾತು ಶುರು ಮಾಡುವ ರೀತಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣ ಇದನ್ನು ಓದುತ್ತಾನೆ. ನಿಮ್ಮ ಮನೆಯ ರೀತಿ ನಿಮಗೇ ಸಿಗಬೇಕು.

ನಡುವೆ ಇನ್ನೂ ನಾಲ್ಕು ಮನೆಗಳಲ್ಲಿ ಇಂಥ ಕಾಗದ ಮಾಡಿಸಿದೆ. ತಾಲ್ಲೂಕು ಆಸ್ಪತ್ರೆಯ ಮಾನಸಿಕ ರೋಗಿಗಳಿಗಾಗಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಪರಿಚಯವಾದವರು. ಹೊಸನಗರ ಕಡೆಯ ಒಬ್ಬ ಹೆಂಗಸಿನದ್ದು ನನಗಿಂತ ಮೊದಲೇ ಗೆದ್ದಿತು. ಹೆಂಗಸರನ್ನು 89ರಲ್ಲಿ ಸೇರಿಸಿಕೊಂಡರೆ ಆಸ್ಪತ್ರೆ ಮೂರೇ ದಿನದಲ್ಲಿ ಬೋರ್ಡಿಗೆ ತಿಳಿಸಬೇಕು, ಗಂಡಸರಾದರೆ ಏಳು ದಿನ. ಅವಳ ಸೋದರಮಾವ ಮೂರನೇ ದಿನ ಹೋಗಿ "ತಿಳಿಸಿದ್ದೀರಾ?" ಅಂತ ಕೇಳಿದ್ದಾರೆ. ವಾರ್ಡಿನಲ್ಲಿ ಆಮೇಲೆ ಅವರಿಗೆ ಕುರ್ಚಿ ಸಿಕ್ಕಿತಂತೆ. ಸಾಗರದ ಕಡೆಯದ್ದು ಸೋತಿತು. ಪ್ರತಿನಿಧಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಎರಡನೇ ಹೆಸರು ಬರೆಸಿ.

ಇನ್ನು ಹೋದ ವರ್ಷದ್ದು. ಕ್ಯಾಲೆಂಡರಿನಲ್ಲಿ ಮೂರು, ಎರಡೂವರೆ, ಎರಡು ಅಂತ ಬಂತು. ಭಾವ ಬಂದರು. ಎರಡು ದಿನ ವಾದ ನಡೆಯಿತಂತೆ. ನಾನು ಶಿವಮೊಗ್ಗದಲ್ಲಿ ಸ್ನೇಹಿತನ ಮನೆಯಲ್ಲಿ ಕೂತಿದ್ದೆ. ಮೂರನೇ ದಿನ ಬೆಳಿಗ್ಗೆ "ನಾನೇ ಬರ್ತೀನಿ, ಮುಂದಿನ ಸೀಟು ಕೊಡಿ" ಅಂದನಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಅವನೇ ಸಹಿ ಹಾಕಿದ, 86. ಡಾಕ್ಟರು ಕಾಗದ ಓದಿದರು. ಇದರಲ್ಲಿರುವುದು ಬೇಡ ಅನಿಸಿದರೆ ನಾವೇ ಬೋರ್ಡಿಗೆ ಅರ್ಜಿ ಹಾಕಬೇಕಲ್ಲ ಅಂತ ನಕ್ಕು, ಹ್ಯಾಲೊಪೆರಿಡಾಲ್ ಬಿಟ್ಟು ಬೇರೆ ಬರೆದರು.

ನಾಲ್ಕನೇ ದಿನ ಏರಿತು. ಮನೆಗೆ ಹೋಗ್ತೀನಿ ಅಂತ ಗಲಾಟೆ, ಪಕ್ಕದ ಹಾಸಿಗೆಯವರ ಮೇಲೆ ಕೈ ಎತ್ತಿದ್ದು, ಎಲ್ಲ ಆಯಿತು. 24 ಗಂಟೆ ತಡೆದರು. ಇಬ್ಬರು ಬೇರೆ ಬೇರೆಯಾಗಿ ನೋಡಿದರು. ಭಾವ ಅರ್ಜಿ ಕೊಟ್ಟರು, 89 ಆಯಿತು. ಭಾವ ಅದನ್ನು ಅಣ್ಣನ ಮುಂದೆಯೇ ಓದಿ ಹೇಳಿದರು, 30 ದಿನದ ಮಿತಿ ಇದೆ, ನಿನಗೆ ಒಪ್ಪಿಗೆ ಇಲ್ಲದಿದ್ದರೆ ಬೋರ್ಡಿಗೆ ಬರೆಯಬಹುದು, ಏಳು ದಿನದೊಳಗೆ ತೀರ್ಮಾನ ಕೊಡಬೇಕು, ಪೆನ್ನು ಬೇಕಾ ಅಂತ. ಅಣ್ಣ ಪೆನ್ನು ಇಸಕೊಂಡ. ಎರಡು ಪುಟ ಬರೆದ. ಭಾವ ಅದನ್ನು ನಿಜವಾಗಿ ಕಳಿಸಿದರು. ನಾನಾಗಿದ್ದರೆ ಕಳಿಸುತ್ತಿರಲಿಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಎಂಟು ಹತ್ತು ದಿನಕ್ಕೆ ತಿಳಿಯಾದ. ಮರುಪರೀಕ್ಷೆಯಲ್ಲಿ ಅವನೇ ತೀರ್ಮಾನ ಮಾಡಬಲ್ಲ ಅಂತ ಬರೆದು ಮತ್ತೆ ಸ್ವತಂತ್ರ ದಾಖಲಾತಿಗೆ ಹಾಕಿದರು. ಅರ್ಜಿ ಅವನೇ ವಾಪಸ್ ತೆಗೆದುಕೊಂಡ. ಹದಿನೇಳನೇ ದಿನ ಮನೆಗೆ. ಗಾಡಿ, ಊಟ, ಹೊರಗಿನ ರಕ್ತಪರೀಕ್ಷೆ ಸೇರಿ ಆರೂವರೆ ಸಾವಿರ ದಾಟಿಲ್ಲ. ಕೈಗೆ ಹಗ್ಗದ ಗುರುತಿಲ್ಲ. ಮನೆಗೆ ಬಂದ ವಾರಕ್ಕೆ ನನ್ನ ಹತ್ತಿರ ಗೊಬ್ಬರದ ವಿಷಯಕ್ಕೆ ಜಗಳ ಆಡಿದ. ಮಾತು ಬಿಡುವುದಕ್ಕಿಂತ ಅದು ವಾಸಿ.

ಇದನ್ನು ಅಣ್ಣನಿಗೆ ಓದಲು ಕೊಟ್ಟೆ. "ಹದಿನೇಳಲ್ಲ, ಹದಿನಾರು. ಹಕ್ಕಿ ಎಣಿಸಿದ್ದು ನೂರಾ ಇಪ್ಪತ್ತೊಂದು" ಅಂದ. ಕಾಗದದ ಬಗ್ಗೆ ಅವನದೂ ಒಂದು ಸಲಹೆ ಇದೆ, ಹಾಕಲೇಬೇಕಂತೆ. ಇಂಕ್ ಪೆನ್ನಲ್ಲಿ ಬರೆಯಬೇಡಿ, ಪ್ಲಾಸ್ಟಿಕ್ ಕವರ್ ಎರಡು ಹಾಕಿ. ನಮ್ಮದರ ಐದನೇ ಸಾಲು ಮಳೆಗಾಲದಲ್ಲಿ ಬೂಷ್ಟು ಹಿಡಿದು, ಫೋನು ಬೇಕೋ ಬೇಡವೋ ಅಂತ ವಾರ್ಡಿನಲ್ಲಿ ಯಾರಿಗೂ ಓದಲಿಕ್ಕೆ ಆಗಲಿಲ್ಲ.