ರುಚಿಗಾಗಿ ಎಲ್ಕ್ ಬೇಟೆ: ಹಿಂಡಿನಲ್ಲಿ ಯಾವುದಕ್ಕೆ ಗುರಿಯಿಡಬೇಕು?

ಅಮೆರಿಕದ ಕೊಲೊರಾಡೊ, ವಯೋಮಿಂಗ್, ಮೊಂಟಾನಾ ಕಡೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುವವರಲ್ಲಿ ಕೆಲವರಿಗೆ ಗೋಡೆಗೆ ಕೊಂಬು ಬೇಕು, ಕೆಲವರಿಗೆ ಫ್ರೀಜರ್ ತುಂಬ ಮಾಂಸ ಬೇಕು. ಇದು ಎರಡನೆಯವರಿಗಾಗಿ ಬರೆದದ್ದು. ಕೊಂಬು ದೊಡ್ಡದಾದಷ್ಟೂ ಪ್ರಾಣಿ ಮುದಿಯಾಗಿರುತ್ತದೆ, ಮಾಂಸ ನಾರಾಗಿರುತ್ತದೆ. ಹಾಗಾಗಿ ಇಬ್ಬರ ದಾರಿಯೂ ಪರವಾನಗಿಗೆ ಅರ್ಜಿ ಹಾಕುವಾಗಲೇ ಬೇರೆಯಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ಪರವಾನಗಿ ಪಡೆದು ಆಡುವ ಬೇಟೆಗೆ ಮಾತ್ರ. ಎಲ್ಕ್‌ನ ಬಳಗಕ್ಕೆ ಸೇರಿದ ನಮ್ಮ ಕಡವೆ, ಕಾಶ್ಮೀರದ ಹಂಗುಲ್ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಮೊದಲು ಪರವಾನಗಿ

ಮಾಂಸಕ್ಕಾಗಿ ಹೋಗುವವರು ‘ಕೊಂಬಿಲ್ಲದ’ ಪ್ರಾಣಿಯ ಪರವಾನಗಿ ಕೇಳಬೇಕು. ಹೆಣ್ಣು, ಕರು ಎರಡೂ ಇದರೊಳಗೆ ಬರುತ್ತವೆ. ಕೊಲೊರಾಡೊದಲ್ಲಿ ಪರವಾನಗಿ ಲಾಟರಿಯ ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರದಲ್ಲೇ ಮುಗಿಯುವುದರಿಂದ ಶರತ್ಕಾಲದ ಬೇಟೆಗೆ ವಸಂತದಲ್ಲೇ ಎಚ್ಚರವಾಗಿರಬೇಕು. 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಅಲ್ಲಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಕಡ್ಡಾಯ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಕೋವಿ ಮುಟ್ಟುವ ಮೊದಲೇ ಆ ಕಾಗದ ಕೈಯಲ್ಲಿರಲಿ.

ಕೊಂಬುಗಳು ಇನ್ನೂ ಕವಲೊಡೆಯದ ಒಂದೂವರೆ ವರ್ಷದ ಗಂಡು ತಿನ್ನಲು ಬಲು ಸೊಗಸು. ಆದರೆ ಕೊಲೊರಾಡೊದ ಬಹುಪಾಲು ವಲಯಗಳಲ್ಲಿ ಗಂಡಿನ ಒಂದು ಕೊಂಬಿಗೆ 4 ಕವಲಾದರೂ ಇರಬೇಕು, ಇಲ್ಲವೇ ಹುಬ್ಬಿನ ಮೇಲಿನ ಕವಲು 5 ಇಂಚಾದರೂ ಇರಬೇಕು. ಕವಲಿಲ್ಲದ ಕೊಂಬಿನದನ್ನು ಹೊಡೆದರೆ ದಂಡ ಕಟ್ಟಬೇಕಾಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ, ವಲಯದಿಂದ ವಲಯಕ್ಕೆ ನಿಯಮ ಬದಲಾಗುವುದರಿಂದ ಆ ವರ್ಷದ ಕೈಪಿಡಿ ಓದದೆ ಕಾಡಿಗೆ ಇಳಿಯಬೇಡಿ.

ಯಾವ ತಿಂಗಳು?

ಗಂಡನ್ನೇ ಹೊಡೆಯುವುದಾದರೆ ತಿಂಗಳೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬೇಸಿಗೆಯ ಹುಲ್ಲು ಮೇದು ಕೊಬ್ಬಿದ ಗಂಡು ನಿಜಕ್ಕೂ ಒಳ್ಳೆಯ ಮಾಂಸ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಬೆದೆಗಾಲ. ಆಗ ದೊಡ್ಡ ಗಂಡು ಮೇವು ಬಿಟ್ಟು ಹೆಣ್ಣುಗಳ ಹಿಂದೆ ಓಡಾಡಿ, ಕಾದಾಡಿ, ತನ್ನ ತೂಕದ ಐದನೇ ಒಂದರಷ್ಟನ್ನೂ ಕಳೆದುಕೊಳ್ಳಬಹುದು. ತನ್ನ ಮೂತ್ರವನ್ನೇ ಹೊಟ್ಟೆ, ಕತ್ತಿಗೆ ಸಿಂಪಡಿಸಿಕೊಂಡು ಕೆಸರಿನಲ್ಲಿ ಹೊರಳುತ್ತದೆ. ಆ ಕೂದಲು ಮುಟ್ಟಿದ ಕೈ ಮಾಂಸ ಮುಟ್ಟಿದರೆ ಮುಗಿಯಿತು, ಯಾವ ಮಸಾಲೆಯೂ ಆ ವಾಸನೆಯನ್ನು ಮುಚ್ಚುವುದಿಲ್ಲ. ಬೆದೆ ಮುಗಿದ ಮೇಲೂ ಚೇತರಿಕೆಗೆ ವಾರಗಳು ಬೇಕು.

ಹೆಣ್ಣಿಗೆ ಈ ಕಾಟವಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹದವಾಗಿಯೇ ಇರುತ್ತದೆ. ಹಿಮ ಆಳವಾದ ಜನವರಿಯಲ್ಲಿ ಮಾತ್ರ ಕೊಬ್ಬು ಕರಗಿರುತ್ತದೆ.

ಹಿಂಡನ್ನು ಓದುವುದು

ಗಡಿಬಿಡಿಯಲ್ಲಿ ಬೇಟೆಗಾರರು ಮೊದಲು ಕಂಡದ್ದಕ್ಕೆ ಗುರಿಯಿಡುತ್ತಾರೆ. ಮೊದಲು ಬಯಲಿಗೆ ಕಾಲಿಡುವುದು ಸಾಮಾನ್ಯವಾಗಿ ಹಿಂಡು ನಡೆಸುವ ಮುದಿ ಹೆಣ್ಣು. ಇಡೀ ಹಿಂಡಿನಲ್ಲಿ ಅತ್ಯಂತ ಗಟ್ಟಿ ಮಾಂಸ ಅದರದೇ. ಅದನ್ನು ಹೋಗಲು ಬಿಡಿ. ದುರ್ಬೀನು ಹಿಡಿದು ಐದು ನಿಮಿಷ ಸುಮ್ಮನೆ ನೋಡಿ.

ಕರುವಿನ ಮುಖ ಗಿಡ್ಡ, ಮೂತಿ ಮೊಂಡು. ತಾಯಿಯ ಪಕ್ಕ ನಿಂತಾಗ ಗಾತ್ರದ ಅಂತರ ಎದ್ದು ಕಾಣುತ್ತದೆ. ಒಂದೂವರೆ ವರ್ಷದ ಕಡಸು ಎತ್ತರದಲ್ಲಿ ತಾಯಿಗೆ ಹತ್ತಿರ ಬಂದಿದ್ದರೂ ಕತ್ತು ಸಣ್ಣ, ಹೊಟ್ಟೆಯ ಗೆರೆ ನೇರ, ಮುಖ ಇನ್ನೂ ಪೂರ್ತಿ ಉದ್ದವಾಗಿರುವುದಿಲ್ಲ. ಮುದಿಯದರ ಮುಖ ಉದ್ದ, ಬೆನ್ನು ತಗ್ಗು, ಸೊಂಟದ ಮೂಳೆ ಚೂಪಾಗಿ ಎದ್ದಿರುತ್ತದೆ. ಒಂಟಿಯಾಗಿ ನಿಂತ ಪ್ರಾಣಿಯ ವಯಸ್ಸು ಹೇಳುವುದು ಕಷ್ಟ. ಅಕ್ಕಪಕ್ಕ ಹೋಲಿಸಲು ಇನ್ನೊಂದು ಇದ್ದಾಗ ಮಾತ್ರ ತೀರ್ಮಾನಕ್ಕೆ ಬನ್ನಿ. ಒಂಟಿ ಕರುವನ್ನು ದೊಡ್ಡ ಹೆಣ್ಣೆಂದು ತಿಳಿದು ಹೊಡೆದವರು ಬೇಕಾದಷ್ಟು ಜನ.

ನಮ್ಮ ಆಯ್ಕೆಯ ಕ್ರಮ ಹೀಗೆ. ಎಲ್ಲಕ್ಕಿಂತ ಮೇಲೆ ಕಡಸು: ಎಳಸು ಮಾಂಸ, ಆದರೂ ಎಲ್ಕ್‌ನದೇ ರುಚಿ ತುಂಬಿರುತ್ತದೆ. ಅದರ ಬೆನ್ನಿಗೇ ಆ ವರ್ಷ ಕರು ಹಾಕದ ಗೊಡ್ಡು ಹೆಣ್ಣು. ಹಾಲೂಡಿಸುವ ಖರ್ಚಿಲ್ಲದ್ದರಿಂದ ಅದರ ಸೊಂಟ, ಹಿಂಭಾಗ ದುಂಡಗೆ ತುಂಬಿರುತ್ತವೆ, ಮೂಳೆ ಎಲ್ಲೂ ಕಾಣುವುದಿಲ್ಲ. ಆಮೇಲೆ, ಕಾನೂನು ಒಪ್ಪುವಲ್ಲಿ, ಕವಲಿಲ್ಲದ ಕೊಂಬಿನ ಗಂಡು. ಕರು ಎಲ್ಲಕ್ಕಿಂತ ಮೃದು ನಿಜ, ಆದರೆ ರುಚಿ ತುಸು ಸಪ್ಪೆ. ಮೂಳೆ ತೆಗೆದರೆ 35-40 ಕಿಲೋ ಸಿಕ್ಕೀತು. 220 ಕಿಲೋ ಸುಮಾರಿನ ಹೆಣ್ಣಿನಿಂದ 65ರಿಂದ 80 ಕಿಲೋ ಬರುತ್ತದೆ. ಕರುಗಳು ಹುಟ್ಟುವುದು ಮೇ ಕೊನೆ, ಜೂನ್‌ನಲ್ಲಿ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಕರುವಿನ ತಾಯಿಯನ್ನು ಬಿಟ್ಟುಬಿಡುವುದು ಒಳ್ಳೆಯದು. ನವೆಂಬರ್ ಹೊತ್ತಿಗೆ ಕರು ಹುಲ್ಲಿನ ಮೇಲೇ ಬದುಕಬಲ್ಲದು.

ಈಡು

ನಿಂತು ಮೇಯುತ್ತಿರುವ ಪ್ರಾಣಿಗೆ ಮಾತ್ರ ಹೊಡೆಯಿರಿ. ಓಡಿ ದಣಿದ, ಹೆದರಿದ ಪ್ರಾಣಿಯ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗಿರುತ್ತದೆ. ಸತ್ತ ಮೇಲೆ ಮಾಂಸದಲ್ಲಿ ಆಮ್ಲ ಹುಟ್ಟಲು ಅದೇ ಬೇಕು. ಸಾಮಾನ್ಯವಾಗಿ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 5.5ರ ಹತ್ತಿರಕ್ಕೆ ಇಳಿಯುತ್ತದೆ. ದಣಿದದ್ದರಲ್ಲಿ 6ರ ಮೇಲೇ ನಿಂತುಬಿಡುತ್ತದೆ. ಫಲ: ಕಪ್ಪಗಿನ, ಅಂಟಂಟಾದ, ಬೇಗ ಕೆಡುವ ಮಾಂಸ. ಗಾಯಗೊಂಡು ಎರಡು ಗುಡ್ಡ ದಾಟಿದ ಕಡಸು, ಒಂದೇ ಈಡಿಗೆ ಬಿದ್ದ ಮುದಿಯದಕ್ಕಿಂತ ಕೆಟ್ಟ ಊಟ.

ಪ್ರಾಣಿ ಪೂರ್ತಿ ಅಡ್ಡವಾಗಿ ನಿಂತಾಗ, ಮುಂಗಾಲಿನ ಹಿಂಗೆರೆಯಲ್ಲಿ ಮೇಲೆ ಹೋಗಿ, ಎದೆಯ ಎತ್ತರದ ಮೂರನೇ ಒಂದು ಭಾಗ ಮುಟ್ಟಿದಲ್ಲಿ ಗುರಿಯಿಡಿ. ಅಲ್ಲಿ ಶ್ವಾಸಕೋಶವಿದೆ, ತಿನ್ನುವ ಮಾಂಸ ಕಡಿಮೆ. ಭುಜಕ್ಕೆ ಬಿದ್ದರೆ ರಕ್ತ ಹೆಪ್ಪುಗಟ್ಟಿ ಕಿಲೋಗಟ್ಟಲೆ ಎಸೆಯಬೇಕಾಗುತ್ತದೆ; ಹೊಟ್ಟೆಗೆ ಬಿದ್ದರೆ ಒಳಗಿನ ಮಾಂಸಕ್ಕೆಲ್ಲ ಮಲ ತಾಗುತ್ತದೆ. ಹಿಂದೆ ಇನ್ನೊಂದು ನಿಂತಿದ್ದರೆ ಕಾಯಿರಿ, ಗುಂಡು ಎರಡನ್ನೂ ದಾಟೀತು. ಸೀಸದ ಗುಂಡು ಚೂರಾಗಿ ಗಾಯದಿಂದ ಬಹು ದೂರದವರೆಗೆ ಮಾಂಸದಲ್ಲಿ ಹರಡುತ್ತದೆ. ಮಕ್ಕಳಿಗೂ ಬಡಿಸುವ ಮನೆಯಾದರೆ ತಾಮ್ರದ ಗುಂಡೇ ಸರಿ.

ಬಿದ್ದ ಮೇಲೆ

ಒಂದು ಗಂಟೆಯೊಳಗೆ ಚರ್ಮ ಸುಲಿಯಲು ಕೂರಬೇಕು. ದಪ್ಪ ಚರ್ಮ, ಒತ್ತು ಕೂದಲು ಬಿಸಿಯನ್ನು ಹಿಡಿದಿಡುತ್ತವೆ. ತೊಡೆಯ ಕೀಲಿನ ಸುತ್ತ ಎಲ್ಲಕ್ಕಿಂತ ಕೊನೆಗೆ ತಣಿಯುವುದರಿಂದ ಮೂಳೆಯ ಬಳಿ ಹುಳಿನಾತ ಹಿಡಿಯುವುದು ಅಲ್ಲೇ. ಕಾಲುಗಳನ್ನು ಬೇರ್ಪಡಿಸಿ, ಹತ್ತಿಯ ಚೀಲಕ್ಕೆ ಹಾಕಿ, ನೆರಳಿನಲ್ಲಿ ಗಾಳಿಯಾಡುವಂತೆ ತೂಗುಬಿಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಂಡೋ ಹೆಣ್ಣೋ ಎಂದು ತೋರಿಸುವ ಅಂಗ ಒಂದು ತುಂಡಿಗಾದರೂ ಅಂಟಿಕೊಂಡೇ ಇರಬೇಕು ಎನ್ನುತ್ತದೆ ಕೊಲೊರಾಡೊದ ನಿಯಮ.

ಅವಸರಕ್ಕೆ ಮಾಂಸವನ್ನು ಹಿಮದಲ್ಲಿ ಹೂಳುವವರೂ ಇದ್ದಾರೆ. ಸ್ನಾಯು ಸೆಟೆದು ಗಟ್ಟಿಯಾಗುವ ಮೊದಲೇ 10 ಡಿಗ್ರಿಗಿಂತ ತಣ್ಣಗಾದರೆ ಅದು ಕುಗ್ಗಿ, ಎಳೆಯ ಪ್ರಾಣಿಯದೂ ರಬ್ಬರಾಗುತ್ತದೆ. ಮೊದಲ ಹತ್ತು ಗಂಟೆ ಹದವಾಗಿ ತಣಿಯಲಿ, 24 ಗಂಟೆಯಲ್ಲಿ 4 ಡಿಗ್ರಿಗೆ ಬರಲಿ. ಅಲ್ಲಿಯವರೆಗೆ, ಹೊರಲು ಸಾಧ್ಯವಾದರೆ, ಮೂಳೆಯಿಂದ ಬಿಡಿಸಬೇಡಿ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳುರೋಗ 1967ರಲ್ಲಿ ಮೊದಲು ಕಾಣಿಸಿಕೊಂಡದ್ದು ಕೊಲೊರಾಡೊದಲ್ಲೇ. ಬೇಯಿಸಿದರೂ ಅದನ್ನು ಹರಡುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ನಾಶವಾಗುವುದಿಲ್ಲ. ತಲೆಯನ್ನು ಪರೀಕ್ಷೆಗೆ ಕೊಡಿ, ಬೆನ್ನುಹುರಿ ಕತ್ತರಿಸಬೇಡಿ, ಫಲಿತಾಂಶ ಬರುವವರೆಗೆ ಮಾಂಸ ಬೇರೆಯಿಡಿ. ಸೋಂಕಿದ್ದರೆ ತಿನ್ನಬಾರದು.

ಎಷ್ಟು ದಿನ ತೂಗುಬಿಡಬೇಕು?

ಇದಕ್ಕೆ ವಯಸ್ಸು ಖಚಿತವಾಗಬೇಕು. ನಮ್ಮ ಸಂತೆಗಳಲ್ಲಿ ಟಗರಿನ ಬಾಯಿ ಬಿಡಿಸಿ ‘ಎರಡು ಹಲ್ಲು’ ಎನ್ನುವಂತೆ ಇಲ್ಲಿಯೂ ಕೆಳದವಡೆ ನೋಡಿ: ನಡುವಿನ ಜೋಡಿ ಹಲ್ಲು ಅಗಲವಾಗಿ ಹೊಸದಾಗಿದ್ದು, ಪಕ್ಕದಲ್ಲಿ ಸಣ್ಣ ಹಾಲುಹಲ್ಲು ಉಳಿದಿದ್ದರೆ ಒಂದೂವರೆ ವರ್ಷದ್ದು. 1ರಿಂದ 3 ಡಿಗ್ರಿಯಲ್ಲಿ ಕರುವಿಗೆ ಮೂರು ನಾಲ್ಕು ದಿನ, ಕಡಸಿಗೆ ಒಂದು ವಾರ, ದೊಡ್ಡದಕ್ಕೆ 10ರಿಂದ 14 ದಿನ.

ಕತ್ತರಿಸುವಾಗ ಬಿಳಿ ಕೊಬ್ಬನ್ನೆಲ್ಲ ತೆಗೆಯಿರಿ. ಅದು ಬಾಯಲ್ಲಿ ಮೇಣದಂತೆ ಅಂಟುತ್ತದೆ, ಫ್ರೀಜರ್‌ನಲ್ಲಿಟ್ಟರೆ ಮೊದಲು ಕಮಟುವುದೂ ಅದೇ. ಬೆನ್ನಿನ ಮಾಂಸವನ್ನು ಬಾಣಲೆಯಲ್ಲಿ ಒಳಗಿನ ಬಿಸಿ 55 ಡಿಗ್ರಿ ಮುಟ್ಟುವಷ್ಟು ಮಾತ್ರ ಹುರಿಯಿರಿ. ಕುಕ್ಕರ್‌ಗೆ ಹಾಕಿದರೆ ಕೊಬ್ಬಿಲ್ಲದ ಆ ತುಂಡು ಒಣಗಿ ನಾರಾಗುತ್ತದೆ. ಮೊಣಕಾಲು, ಕತ್ತಿನ ತುಂಡುಗಳು ಸಾರಿಗೆ, ಹೊತ್ತುಗಟ್ಟಲೆ ಬೇಯಲಿ. ಪ್ರತಿ ಪೊಟ್ಟಣದ ಮೇಲೂ ಯಾವ ಭಾಗ, ಎಷ್ಟು ವಯಸ್ಸಿನದು, ಯಾವ ತಾರೀಖು ಎಂದು ಬರೆದಿಡಿ. ಹೆಪ್ಪುಗಟ್ಟಿದ ಮೇಲೆ ಎಲ್ಲ ತುಂಡುಗಳೂ ಒಂದೇ ಥರ ಕಾಣುತ್ತವೆ.